ತುದಿಯ ಸೀಟು

“ಐದೇ ನಿಮಿಷ, ಸಿಸ್ಟರ್. ಜೀಪು ಉರುಳಿತು, ಕರ್ತರು ಕೈಚಾಚಿ ನಿಮ್ಮನ್ನೇ ಆರಿಸಿ ಎತ್ತಿಕೊಂಡರು. ಸಭೆಯಲ್ಲಿ ಅಷ್ಟು ಸಾಕ್ಷಿ ಹೇಳಿ ಕೂತುಬಿಡಿ,” ಎಂದು ಪಾಸ್ಟರ್ ಜೆಯಕುಮಾರ್ ಚಹಾದ ಲೋಟ ಕೆಳಗಿಟ್ಟರು.

ಮುತ್ತುಲಕ್ಷ್ಮಿ ಮೊಣಕೈಯ ಒಣಗಿದ ಗಾಯವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಐದು ಜನ ಸತ್ತು, ಎಂಟು ಜನ ಕೈಕಾಲು ಮುರಿದುಕೊಂಡ ಜೀಪಿನಿಂದ ಅವಳು ತಂದದ್ದು ಇಷ್ಟೇ, ಏಳು ಹೊಲಿಗೆಯ ಒಂದು ಗಾಯ. ಆರು ವಾರಕ್ಕೆ ಅದೂ ಮಾಯುತ್ತ ಬಂದಿತ್ತು.

“ಸ್ತೋತ್ರ ಹೇಳುವಾಗ ಯಾವುದಕ್ಕೆ ಅಂತ ಹೇಳಬೇಕಲ್ಲ ಅಯ್ಯಾ?” ಎಂದಳು ತಮಿಳಿನಲ್ಲಿ.

“ಇದೆಂಥ ಪ್ರಶ್ನೆ! ಜೀವಕ್ಕೆ. ನಿಮ್ಮ ಬೀದಿಯಿಂದ ನಮ್ಮ ಸಭೆಗೆ ಕಾಲಿಟ್ಟವರು ನೀವೊಬ್ಬರೇ. ನಾಳೆ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸ್ತೀವಿ. ನೋಡ್ತಾ ಇರಿ, ಇನ್ನೂ ನಾಲ್ಕು ಮನೆ ಬರುತ್ತೆ.”

ಅವರ ಬೈಕು ಬೀದಿ ದಾಟಿದ ಮೇಲೆ, ಜಗಲಿಯ ಮೇಲಿದ್ದ ಗಂಡ ಅಯ್ಯಾವು ತಮಿಳು ಬೆರೆತ ಮನೆಮಾತು ಕನ್ನಡಕ್ಕೆ ಇಳಿದ. “ಏನ್ ಮುತ್ತು, ನಾಳಿಕ್ಕೆ ಮೈಕ್‌ನಾಗೆ ಮಾತಾಡ್ತೀಯಾಮೆ? ಹಂಗೇ ನಮ್ಮ ಮನೆದೇವ್ರ ಪೇರೂ ಒಂದ್ ಕಿತ ಸೊಲ್ಲಿಬಿಡು. ಯಾವ ಸಾಮಿ ಇಡ್ಕಂಡ್ತೋ ಯಾರ್ ಕಂಡೋರು? ಒಬ್ರಿಗೆ ಹೇಳಿ ಒಬ್ರಿಗೆ ಬಿಟ್ರೆ ಕೋಪಿಸ್ಕತಾರೆ.”

“ಯಾವ ಸಾಮೀನೂ ಇಡ್ಕಣ್ಲಿಲ್ಲ. ಬಾಯ್ ಮುಚ್ಚು,” ಎಂದಳು. ಅವಳ ದನಿಗೆ ಅಯ್ಯಾವು ನಗು ನಿಲ್ಲಿಸಿದ.

ಮೂರು ವರ್ಷದ ಹಿಂದೆ ಹೊಟ್ಟೆನೋವಿಗೆ ಪ್ರಾರ್ಥನೆ ಮಾಡಿಸಿಕೊಳ್ಳಲೆಂದು ಕುಮುಳಿ ಘಾಟಿಯ ಬುಡದ ಗೂಡಲೂರಿನ ಆ ಶೀಟಿನ ಮಾಡಿನ ಸಭೆಗೆ ಹೋದವಳು ಅಲ್ಲೇ ಉಳಿದಿದ್ದಳು. ದೀಕ್ಷಾಸ್ನಾನದ ತೊಟ್ಟಿಯಲ್ಲಿ ಅವಳ ತಲೆ ಮುಳುಗಿತು, ಸೀರೆ ಮುಳುಗಿತು. ಕುಲ ಮಾತ್ರ ಒಣಬಟ್ಟೆ ಹಿಡಿದು ದಡದ ಮೇಲೆ ಕಾಯುತ್ತ ನಿಂತಿತ್ತು. ಮೇಲೆ ಬಂದವಳು ಅದನ್ನೇ ಸುತ್ತಿಕೊಂಡಳು. ಸಭೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದರು. ಇವಳಿಗೆ ಮಾತ್ರ ಬೆನ್ನುನೋವಿನ ನೆಪದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಬೇಡ ಎಂದು ಪಾಸ್ಟರ್ ಹೇಳಲಿಲ್ಲ. ಬೆನ್ನು ಎಲ್ಲಿ ನೋಯುತ್ತದೆ ಎಂದು ಯಾರೂ ಕೇಳಲಿಲ್ಲ.

ಜೀಪಿನಲ್ಲೂ ಹಾಗೆಯೇ. ಗಡಿಯಾಚೆಯ ಏಲಕ್ಕಿ ತೋಟಗಳಿಗೆ ಹೆಂಗಸರನ್ನು ಹೊತ್ತೊಯ್ಯುವ ಜೀಪು. ಎಂಟು ಜನರ ಜಾಗದಲ್ಲಿ ಹದಿನಾಲ್ಕು. ಕುಮುಳಿ ಘಾಟಿ ಏರುವಾಗ ಹಿಂಬಾಗಿಲಿನಿಂದ ಚಳಿ ನುಗ್ಗುವುದರಿಂದ ತುದಿಯ ಸೀಟು ಯಾರಿಗೂ ಬೇಡ. ಮುತ್ತುಲಕ್ಷ್ಮಿಗೆ ನಾಲ್ಕು ವರ್ಷದಿಂದ ಅದೇ ಬೇಕು. ಒಳಗೆ ಕೂತರೆ ವಾಂತಿ ಬರುತ್ತೆ ಎನ್ನುತ್ತಿದ್ದಳು. ಸುಳ್ಳು. ಒಳಗೆ ಕೂತರೆ ಎರಡು ಕಡೆಯಿಂದಲೂ ದಲಿತ ಕಾಲನಿಯ ಹೆಂಗಸರ ಮೈ ತಾಗುತ್ತದೆ. ತುದಿಯಲ್ಲಿ ಒಂದೇ ಕಡೆ. ಆ ಕಡೆಗೂ ಅವಳು ತನ್ನ ಬುತ್ತಿಚೀಲವನ್ನು ಅಡ್ಡ ಇಡುತ್ತಿದ್ದಳು. ಚೀಲದ ಆಚೆ ಕೂರುತ್ತಿದ್ದವಳು ತಮಿಳರಸಿ. ಒಂದೇ ತೋಟ, ಒಂದೇ ಸಭೆ, ಒಂದೇ ಪ್ರಾರ್ಥನೆ. ನಡುವೆ ಚೀಲ.

ಆ ದಿನ ತಮಿಳರಸಿಗೆ ಜ್ವರವಿತ್ತು. ತುದಿಯ ಸೀಟು ಕೇಳಿದಳು. ಮುತ್ತುಲಕ್ಷ್ಮಿ ಕೊಡಲಿಲ್ಲ. ಕಾಲು ಗಂಟೆಯ ನಂತರ ತಿರುವಿನಲ್ಲಿ ಜೀಪು ಅಂಚು ಬಿಟ್ಟಾಗ, ಹಿಂಬಾಗಿಲಿನಿಂದ ಲಂಟಾನದ ಪೊದೆಗೆ ಚಿಮ್ಮಿ ಬಿದ್ದದ್ದು ಎರಡೇ: ಅವಳು, ಅವಳ ಚೀಲ. ಉಳಿದವರೆಲ್ಲ ಜೀಪಿನ ಜೊತೆ ಕೆಳಗೆ ಹೋದರು.

ಭಾನುವಾರ ಸಭೆ ತುಂಬಿತ್ತು. ಕೀಬೋರ್ಡು ಮೆಲ್ಲಗೆ ನುಡಿಯುತ್ತಿತ್ತು. ಎದುರಿಗೊಬ್ಬ ಫೋನು ಹಿಡಿದು ನಿಂತಿದ್ದ. ಮುತ್ತುಲಕ್ಷ್ಮಿ ಮೈಕು ತೆಗೆದುಕೊಂಡು, “ಕರ್ತರು ನನ್ನನ್ನು ಕಾಪಾಡಿದರು,” ಎಂದಳು.

“ಸ್ತೋತ್ರಂ!” ಎಂದಿತು ಸಭೆ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ, ಗೋಡೆಯ ಬದಿಯಿಂದ ಇನ್ನೊಂದು ದನಿ ಬಂತು. ತಮಿಳರಸಿಯ ತಾಯಿ ವೆಳ್ಳೈಯಮ್ಮಾಳ್. ಎರಡೂ ಕೈ ಮೇಲೆತ್ತಿದ್ದಳು, ಕಣ್ಣು ಮುಚ್ಚಿದ್ದಳು. ಮಗಳನ್ನು ಮಣ್ಣು ಮಾಡಿ ಬಂದವಳು ಇವಳ ಜೀವಕ್ಕಾಗಿ ದೇವರನ್ನು ಸ್ತುತಿಸುತ್ತಿದ್ದಳು.

ಮುತ್ತುಲಕ್ಷ್ಮಿ ಬಾಯಿಪಾಠ ಮಾಡಿದ್ದೆಲ್ಲ ಹೋಯಿತು.

“ಆರಿಸಿ ಎತ್ತಿಕೊಂಡರು ಅಂತ ಹೇಳೋಕೆ ಹೇಳಿದ್ದಾರೆ,” ಎಂದಳು. “ಅದು ನಿಜವಲ್ಲ. ನಾನು ತುದಿಯಲ್ಲಿ ಕೂತಿದ್ದೆ, ಅದಕ್ಕೆ ಆಚೆ ಬಿದ್ದೆ. ನಿಮ್ಮ ಮೈ ತಾಗಬಾರದು ಅಂತ ತುದಿಯಲ್ಲಿ ಕೂರ್ತಿದ್ದೆ. ತಮಿಳರಸಿ ಆ ದಿನ ಜಾಗ ಕೇಳಿದಳು. ನಾನು ಕೊಡಲಿಲ್ಲ. ಕೊಟ್ಟಿದ್ದರೆ ಇಲ್ಲಿ ಅವಳು ನಿಂತಿರುತ್ತಿದ್ದಳು.”

“ಹಲ್ಲೇಲೂಯ!” ಎಂದು ಪಾಸ್ಟರ್ ಎದ್ದರು. “ಸಿಸ್ಟರ್ ದುಃಖದಲ್ಲಿದ್ದಾರೆ, ಒಂದು ಹಾಡು ಹೇಳೋಣ.” ಕೀಬೋರ್ಡಿನ ದನಿ ಏರಿತು. ಮೈಕು ಸತ್ತುಹೋಯಿತು. ಫೋನು ಹಿಡಿದವ ಕೈ ಇಳಿಸಿದ. ಆದರೆ ಯಾರೂ ಹಾಡಲಿಲ್ಲ. ನುಡಿಸುತ್ತಿದ್ದವನೂ ಎರಡು ಸಾಲಿನ ನಂತರ ಬೆರಳೆತ್ತಿದ.

ವೆಳ್ಳೈಯಮ್ಮಾಳ್ ಚಾಪೆಗಳ ನಡುವೆ ನಡೆದು ಬಂದು ಎದುರಿಗೆ ನಿಂತಳು. ಬಾಯಿ ತೆರೆದಾಗ ಬಂದದ್ದು ತಮಿಳಲ್ಲ, ಮುತ್ತುಲಕ್ಷ್ಮಿಯ ಮನೆಯ ಕನ್ನಡ. ಹತ್ತನೇ ವಯಸ್ಸಿನಿಂದ ಇವಳ ಅತ್ತೆಯ ಹೊಲದಲ್ಲಿ ಕಳೆ ಕೀಳುತ್ತ, ಬೈಸಿಕೊಳ್ಳುತ್ತ ಕಲಿತದ್ದು. ಮಗಳಿಗೆ ಮಾತ್ರ ಆ ಮಾತು ಕಲಿಯಗೊಡಲಿಲ್ಲ.

“ಕೇಳಿದ್ಲಾ ನನ್ ಪುಳ್ಳೆ?”

“ಕೇಳಿದ್ಲು.”

“ಏನಂತ?”

“ಅಕ್ಕಾ, ತಲೆ ಸುತ್ತಿ ಮಯಕ್ಕ ಬತ್ತದೆ, ಇವತ್ತೊಂದಿನ ಓರ ಬಿಟ್ಕೊಡಿ ಅಂತ.”

“ಅಕ್ಕಾ ಅಂದ್ಲಾ?”

“ಅಂದ್ಲು.”

“ನೀನೇನಂದೆ?”

ನಲವತ್ತು ವರ್ಷದಲ್ಲಿ ಆ ಬಾಯಿಂದ ಮುತ್ತುಲಕ್ಷ್ಮಿಯ ಬೀದಿಯವರಿಗೆ ‘ನೀನು’ ಎಂಬ ಮಾತು ಬಂದಿರಲಿಲ್ಲ.

“ಆಗಾಕಿಲ್ಲ ಅಂದೆ.”

ವೆಳ್ಳೈಯಮ್ಮಾಳ್ ಸೆರಗು ತಲೆಗೆಳೆದುಕೊಂಡು ಬಾಗಿಲ ಕಡೆ ನಡೆದಳು. ಹಿಂದೆಯೇ ಒಬ್ಬೊಬ್ಬರಾಗಿ ಕೆಲವರು ಎದ್ದು ಹೋದರು.

“ಸಾಕ್ಷಿ ಅಂದರೆ ಇದಾ?” ಪಾಸ್ಟರ್ ಅವಳ ಪಕ್ಕಕ್ಕೆ ಬಂದು ಹಲ್ಲುಕಚ್ಚಿ ಕೇಳಿದರು. “ಉಪಕಾರ ಸ್ಮರಣೆ ಮಾಡಮ್ಮಾ ಅಂದರೆ ಹೊಲಸು ತಂದು ಸುರಿದಿರಲ್ಲ.”

“ಇನ್ನೇನು ಸುರೀಲಿ ಅಯ್ಯಾ? ನನ್ನ ಹತ್ರ ಇದ್ದದ್ದು ಅದೇ.”

ಕುರ್ಚಿಯನ್ನೆತ್ತಿ ಮೂಲೆಯ ಕುರ್ಚಿಗಳ ಸಾಲಿನ ಮೇಲೆ ಏರಿಸಿ ಹೊರಗೆ ಬಂದಳು.

ಸೋಮವಾರ ಅವಳು ಮತ್ತೆ ಕೆಲಸಕ್ಕೆ ಹೊರಟಳು. “ಇನ್ನೊಂದ್ ವಾರ ಇರು. ಆ ಹೆಂಗಸ್ರು ನಿನ್ನ ಸುಮ್ನೆ ಬಿಟ್ಟಾರಾ?” ಎಂದ ಅಯ್ಯಾವು. ಅವಳು ಬುತ್ತಿ ಕಟ್ಟುತ್ತಲೇ ಇದ್ದಳು.

ಜೀಪು ನಿಲ್ಲುವ ಜಾಗದಲ್ಲಿ ಇನ್ನೂ ಮಸಕು ಬೆಳಕು. ಹೊಸ ಜೀಪು, ಅದೇ ಎರಡು ಎದುರುಬದುರು ಬೆಂಚು. ಎಲ್ಲರಿಗೂ ವಿಷಯ ತಲುಪಿತ್ತು. “ತುದಿ ಖಾಲಿ ಬಿಟ್ಟಿದ್ದೀವಿ, ಅಮ್ಮಾವರು ಬಂದು ಅಲಂಕರಿಸಬೇಕು,” ಎಂದಳು ಒಬ್ಬಳು ತಮಿಳಿನಲ್ಲಿ. ಯಾರೋ ಕಿಸಕ್ಕೆಂದರು.

ಮುತ್ತುಲಕ್ಷ್ಮಿ ಹತ್ತಿದಳು. ತುದಿ ದಾಟಿ ಒಳಗೆ, ಆಡಿಕೊಂಡವಳ ಪಕ್ಕದಲ್ಲೇ ಕೂತು ಚೀಲವನ್ನು ಮಡಿಲಿಗೆ ಇಟ್ಟುಕೊಂಡಳು.

ಕೊನೆಗೆ ಬಂದವಳು ವೆಳ್ಳೈಯಮ್ಮಾಳ್. ಮಗಳ ಕೂಸು ಮನೆಯಲ್ಲಿತ್ತು. ಎರಡು ವಾರದಿಂದ ಮಗಳ ಕೆಲಸಕ್ಕೆ ಅವಳೇ ಹೋಗುತ್ತಿದ್ದಳು. ಉಳಿದದ್ದು ತುದಿಯ ಸೀಟೊಂದೇ. ಕಂಬಿ ಹಿಡಿದು ಹತ್ತಿ, ನಿಂತು, ಆ ಜಾಗವನ್ನೂ ಅದರ ಪಕ್ಕದಲ್ಲಿ ಕೂತವಳನ್ನೂ ನೋಡಿದಳು. ಡ್ರೈವರ್ ಹಾರ್ನ್ ಹೊಡೆದ. ಕೂತಳು. ಹೆಗಲಿನಿಂದ ತನ್ನ ಬುತ್ತಿಚೀಲವನ್ನು ಇಳಿಸಿ, ತನಗೂ ಮುತ್ತುಲಕ್ಷ್ಮಿಗೂ ನಡುವೆ ಇಟ್ಟಳು.

ಮುತ್ತುಲಕ್ಷ್ಮಿ ಇನ್ನಷ್ಟು ಒಳಕ್ಕೆ ಒತ್ತಿಕೊಂಡು ಅದಕ್ಕೆ ಜಾಗ ಮಾಡಿದಳು. ಜೀಪು ಘಾಟಿ ಏರತೊಡಗಿತು. ಚೀಲದೊಳಗಿನ ಗಂಜಿಯ ಡಬ್ಬಿ ಇನ್ನೂ ಬಿಸಿಯಿತ್ತು. ಒಂದೊಂದು ತಿರುವಿಗೂ ಅದು ಅವಳ ತೊಡೆಗೆ ತಾಗುತ್ತಿತ್ತು.