ನಜಾರನ ತಟ್ಟೆ

ಬೊಗುಮಿಲಾಳ ಸ್ನಾನದ ತೊಟ್ಟಿಯಲ್ಲಿ ಎರಡು ದಿನದಿಂದ ಹಬ್ಬದ ಊಟಕ್ಕೆ ತಂದ ಮೀನು ಈಜಾಡುತ್ತಿತ್ತು. ಹಾಗಾಗಿ ನಮಗೆ ಯಾರಿಗೂ ಸ್ನಾನವಿಲ್ಲ. "ನಾವು ಬರೀ ನಿರಾಶ್ರಿತರು, ಈ ಮನೇಲಿ ಅತಿಥಿ ಅಂದ್ರೆ ಅದೊಂದೇ," ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದ ಪೋಲೆಂಡಿನ ಹೆಂಗಸು. ನಮ್ಮ ದೇಶದಲ್ಲಿ ಯುದ್ಧ ಶುರುವಾದ ವಾರ ರೈಲು ನಿಲ್ದಾಣಕ್ಕೆ ಬಂದು, ಗುರುತು ಪರಿಚಯವಿಲ್ಲದ ನನ್ನನ್ನೂ ರಾಯಿಸಾಳನ್ನೂ ಕಾರಿಗೆ ಹತ್ತಿಸಿಕೊಂಡು ಮನೆಗೆ ಕರೆತಂದಳು. ಅಂದಿನಿಂದ ಅವಳ ಮಹಡಿ ನಮ್ಮದು. ಇಂಥವಳ ಮೇಲೆ ಒಂದು ಸಲವಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗುವುದಿಲ್ಲ, ಅದೇ ಕಷ್ಟ.

ರಾಯಿಸಾ ನಮ್ಮ ದೇಶದ ಲಿಸಿಚಾನ್ಸ್ಕ್ ಎಂಬ ಊರಿನವಳು. ಅಲ್ಲಿದ್ದ ಅವಳ ಮನೆ ಈಗಿಲ್ಲ. ಒಬ್ಬನೇ ಮಗ ನಜಾರ್ ಸೈನ್ಯದಲ್ಲಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಫೋನು ಬರುವುದು ನಿಂತಿತು. ಸತ್ತ ಎಂದು ಯಾರೂ ಹೇಳಲಿಲ್ಲ, ಸೆರೆ ಸಿಕ್ಕಿದ್ದಾನೆ ಎಂದೂ ಹೇಳಲಿಲ್ಲ. ಪತ್ತೆಯಿಲ್ಲ, ಅಷ್ಟೆ. ಈ ಊರಿನಲ್ಲಿರುವ ನಮ್ಮ ಹೆಂಗಸರೆಲ್ಲ ಅವಳಿಗಾಗಿ ಓಡಾಡಿದರು. ಸೆರೆಯಿಂದ ಬಿಟ್ಟು ಬಂದ ಹುಡುಗರಿಗೆಲ್ಲ ನಜಾರನ ಫೋಟೋ ತೋರಿಸಿದರು. ಬೊಗುಮಿಲಾ ಭಾನುವಾರ ತಪ್ಪದೆ ತನ್ನ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದಳು. ಯಾರ ಕೈಯಲ್ಲೂ ಏನೂ ಆಗಲಿಲ್ಲ.

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ನಾನು ಗೋಧಿ ಬೇಯಿಸಿ, ಅರೆದ ಗಸಗಸೆ ಮತ್ತು ಜೇನು ಕಲಸಿ ಕುತ್ಯಾ ಮಾಡುತ್ತಿದ್ದೆ. ನಮ್ಮಲ್ಲಿ ಆ ಸಂಜೆ ತೀರಿಕೊಂಡವರೂ ಊಟಕ್ಕೆ ಬರುತ್ತಾರೆ. ಅವರಿಗೂ ತಟ್ಟೆ ಇಡಬೇಕು. ನಾವು ಉಂಡೆದ್ದ ಮೇಲೆ ಬೆಳಗಿನ ತನಕ ಅದನ್ನು ಹಾಗೇ ಬಿಡಬೇಕು. ರಾಯಿಸಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಮೊತ್ರಿಯಾ, ನಿಮ್ಮಪ್ಪಂಗೆ ಬೇಕಾದ್ರೆ ತಟ್ಟೆ ಇಟ್ಕೋ. ನನ್ನ ಮಗಂಗೆ ಯಾರಾದ್ರೂ ಇಟ್ರೆ ಕೈ ಮುರೀತೀನಿ."

"ಯಾರಿಡ್ತಾರೆ ಬಿಡೇ. ಈ ಸಲ ಯಾರಿಗೂ ಇಡಲ್ಲ. ನಮ್ಮಪ್ಪ ಒಂದು ವರ್ಷ ಉಪವಾಸ ಇದ್ರೆ ಏನಾಗಲ್ಲ, ಬದುಕಿದ್ದಾಗ ತಿಂದಿರೋದೇ ಬೇಕಾದಷ್ಟಿದೆ."

ಅವಳು ನಗಲಿಲ್ಲ, ಆದರೆ ಬಂದು ಗಸಗಸೆಯ ಬಟ್ಟಲು ಹಿಡಿದುಕೊಂಡಳು.

ಮೊದಲ ನಕ್ಷತ್ರ ಕಂಡ ಮೇಲೆಯೇ ಊಟಕ್ಕೆ ಕೂರಬೇಕು. ಪೋಲೆಂಡಿನವರಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ನಾವಿಬ್ಬರು ಅಂಗಳಕ್ಕೆ ಹೋಗಿ, ಕತ್ತು ನೋಯುವಷ್ಟು ಹೊತ್ತು ಮೋಡ ನೋಡಿ ಒಳಗೆ ಬಂದೆವು. ಮೇಜಿನ ಮೇಲೆ ಮೂವರಿಗೆ ನಾಲ್ಕು ತಟ್ಟೆಗಳಿದ್ದವು. ನಾಲ್ಕನೆಯದರ ಮುಂದೆ ಖಾಲಿ ಕುರ್ಚಿ.

"ಇದ್ಯಾರಿಗೆ?" ರಾಯಿಸಾ ಕೇಳಿದಳು.

ಬೊಗುಮಿಲಾ ಮುಖ ಅರಳಿಸಿ, "ನಿಮ್ಮ ನಜಾರ್‌ಗೆ," ಎಂದಳು.

ರಾಯಿಸಾ ತಟ್ಟೆ ಎತ್ತಿ ಗೋಡೆಗೆ ಬೀಸುವುದರಲ್ಲಿದ್ದಳು. ನಾನು ರಟ್ಟೆ ಹಿಡಿದೆ.

"ಮನೆ ಕೊಟ್ಟಿದೀನಿ ಅಂತ ನನ್ನ ಮಗನ್ನ ಸಾಯಿಸ್ತೀಯಾ?"

"ಸಾಯಿಸೋದಾ?" ಬೊಗುಮಿಲಾ ಬಿಳಿಚಿಕೊಂಡಳು. ನಾನು ನಮ್ಮ ಪದ್ಧತಿ ಹೇಳಿದ ಮೇಲೆ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ! ಇದು ಸತ್ತೋರ ತಟ್ಟೆ ಅಲ್ಲ ರಾಯಿಸಾ, ದಾರೀಲಿರೋರದ್ದು. ಈ ಸಂಜೆ ಯಾರು ಬಾಗಿಲು ಬಡಿದ್ರೂ ಕರೆದು ಊಟಕ್ಕೆ ಕೂರಿಸ್ಬೇಕು. ನಮ್ಮಮ್ಮನೂ ಇಡ್ತಿದ್ಲು. ನಿಮ್ಮ ಹುಡುಗ ಬಂದ್ರೆ ಜಾಗ ಇರ್ಲಿ ಅಂತ ಇಟ್ಟೆ."

ರಾಯಿಸಾ ತಟ್ಟೆ ಕೆಳಗಿಳಿಸಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಚಮಚ ನೇರ ಮಾಡಿ, ಅದಕ್ಕೂ ಬೀಟ್‌ರೂಟ್ ಸಾರು ಬಡಿಸಿದಳು. ನಾವು ಉಂಡೆವು. ಬಾಗಿಲನ್ನು ಯಾರೂ ಬಡಿಯಲಿಲ್ಲ.

ಊಟವಾದ ಮೇಲೆ ಬೊಗುಮಿಲಾ ತಟ್ಟೆಗಳನ್ನು ಎತ್ತತೊಡಗಿದಳು. ನಾಲ್ಕನೆಯದಕ್ಕೆ ಕೈ ಹಾಕಿದಾಗ ರಾಯಿಸಾ, "ಬೇಡ, ತೆಗೀಬೇಡಿ," ಎಂದಳು. ಮರುಕ್ಷಣವೇ, "ಇಲ್ಲ, ತೆಗೀರಿ," ಎಂದಳು. ಮತ್ತೆ ಎರಡೂ ಕೈಯಿಂದ ತಟ್ಟೆಯನ್ನು ಒತ್ತಿ ಹಿಡಿದಳು. ಅವಳ ಸಂಕಟ ನನಗೆ ಆಗ ಅರ್ಥವಾಯಿತು. ತೆಗೆದರೆ ಇನ್ನು ಅವನು ಬರುವುದಿಲ್ಲ ಎಂದಂತೆ. ಬಿಟ್ಟರೆ, ಬೆಳಗಿನ ತನಕ ಬಿಟ್ಟ ಊಟ ನಮ್ಮ ಲೆಕ್ಕದಲ್ಲಿ ಸತ್ತವರದು.

"ಏನ್ಮಾಡ್ಲೇ ಮೊತ್ರಿಯಾ? ಹೇಳೇ."

ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ?

ಬೊಗುಮಿಲಾ ತಟ್ಟೆಯ ಅಂಚು ಮುಟ್ಟಿ ನೋಡಿದಳು. "ತಣ್ಣಗಾಗಿದೆ. ಬಿಸಿ ಮಾಡ್ಲಾ?"

ಸತ್ತವರಿಗೆ ಇಟ್ಟದ್ದನ್ನು ಯಾರೂ ಬಿಸಿ ಮಾಡುವುದಿಲ್ಲ. ರಾಯಿಸಾ ತಲೆಯೆತ್ತಿದಳು.

"ಮಾಡಿ. ತಣ್ಣಗಿದ್ರೆ ಅವ್ನು ಮುಟ್ಟಲ್ಲ. ಚಿಕ್ಕೋನಿದ್ದಾಗಿಂದ್ಲೂ ಹಾಗೇ."

ಬೊಗುಮಿಲಾ ಸಾರನ್ನು ಪುಟ್ಟ ಪಾತ್ರೆಗೆ ಸುರಿದು, ಕಾಯಿಸಿ, ತಂದು ಬಡಿಸಿದಳು. ಹಬೆ ಎದ್ದಿತು, ನಿಂತಿತು. ಮತ್ತೆ ಒಯ್ದು ಕಾಯಿಸಿದಳು. ರಾಯಿಸಾ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಸಾರು ಬತ್ತುತ್ತಾ ಬಂದು ಕೊನೆಗೆ ಪಾತ್ರೆಯ ತಳ ಕಂಡಿತು. ಬೊಗುಮಿಲಾ ನಮ್ಮ ಕಡೆ ನೋಡದೆ ಅದಕ್ಕೊಂದು ಲೋಟ ನೀರು ಬೆರೆಸಿ ಮತ್ತೆ ಒಲೆ ಹಚ್ಚಿದಳು.