ಪ್ಯಾಡಿನ ಸದ್ದು

ನನ್ನ ತಂಗಿಯ ಗಂಡನಿಗೆ ತಲೆ ಕೆಟ್ಟಿದೆ ಎಂದು ಅವನ ಮುಖಕ್ಕೇ ಹೇಳಿದ್ದೆ. ತಲೆ ನರೆತ ಮೇಲೆ ಬಾಕ್ಸಿಂಗ್ ರಿಂಗಿಗೆ ಇಳಿಯುವುದೇ ಹುಚ್ಚು. ಅದರಲ್ಲೂ ಒಮ್ಮೆ ತನ್ನನ್ನು ನೆಲಕ್ಕೆ ಮಲಗಿಸಿದ ಹುಡುಗನ ಜೊತೆಗೇ ಮರುಪಂದ್ಯವಂತೆ! ಈಗ ಚಾಂಪಿಯನ್ ಆಗಿರುವ ಆ ಹುಡುಗನನ್ನು ಎಲ್ಲರೂ ಮಿಂಚುಳ್ಳಿ ಎನ್ನುತ್ತಾರೆ. ಎರಗಿ ಹೊಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿದಿರುತ್ತಾನೆ. "ಅವತ್ತು ಕಾಲು ಜಾರಿತು ಭಾವ, ಇಲ್ಲದಿದ್ರೆ ನಾನೇ ಗೆಲ್ತಿದ್ದೆ" ಎಂಬುದು ಇವನ ಒಂದೇ ರಾಗ.

ಆ ಪಂದ್ಯದ ನಂತರ ಇವನ ಕೈಯಲ್ಲಿ ನೀರಿನ ಲೋಟ ನಿಲ್ಲುತ್ತಿರಲಿಲ್ಲ. ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಮಾತೇ ಹೋಗಬಹುದೆಂದು ಡಾಕ್ಟರು ಹೆದರಿಸಿದ್ದರು. ತಂಗಿ ಅತ್ತಳು. "ಅಣ್ಣಾ, ನೀನು ರೆಫರಿ ಆಗಿದ್ದೋನು. ಹೋಗಿ ನೋಡು. ನೀನು ಬೇಡ ಅಂದ್ರೆ ಬಿಟ್ಬಿಡ್ತೀನಿ ಅಂತ ಮಾತು ಕೊಟ್ಟಿದಾರೆ."

ಹೋದೆ. ಜಿಮ್ಮಿನ ತುಂಬ ಬೆವರಲ್ಲಿ ನೆಂದ ಗ್ಲೌಸಿನ ವಾಸನೆ. ಅಂಗೈಗೆ ದಪ್ಪ ಪ್ಯಾಡ್ ತೊಟ್ಟು ಇವನ ಹೊಡೆತಗಳಿಗೆ ಹಿಡಿದಿದ್ದವಳು ಇವನ ಮಗಳೇ, ಈಗ ಅಲ್ಲೇ ಬಾಕ್ಸಿಂಗ್ ಕಲಿಸುತ್ತಾಳೆ. ಇವನ ಕಾಲು ಎಳೆಯುತ್ತಿತ್ತು, ಎರಡು ಸುತ್ತಿಗೇ ಏದುಸಿರು. ಆದರೆ ಆ ಸದ್ದು! ಫಟ್! ಫಟ್! ಹಗ್ಗ ಹಾರುತ್ತಿದ್ದವರೂ ನಿಂತು ನೋಡಿದರು. ಅಯ್ಯೋ, ಇಂಥದ್ದೊಂದು ಬಿದ್ದರೆ ಮಿಂಚುಳ್ಳಿಗೆ ಹಗಲಲ್ಲೇ ನಕ್ಷತ್ರ ಕಾಣುತ್ತದೆ, ಇವನು ಗೆದ್ದರೂ ಗೆದ್ದಾನು ಅನ್ನಿಸಿತು.

ಆಗ ಸೋದರಸೊಸೆಯ ಮೊಣಕೈ ಕಣ್ಣಿಗೆ ಬಿತ್ತು. ಪ್ಯಾಡ್ ಹಿಡಿದವರ ಕೈ ಇದ್ದಲ್ಲೇ ಇರಬೇಕು. ಇವಳ ಕೈ ಪ್ರತಿ ಏಟಿಗೂ ಗೇಣುದ್ದ ಮುಂದೆ ಬಂದು ಅಪ್ಪನ ಮುಷ್ಟಿಯನ್ನು ತಾನೇ ಬಡಿಯುತ್ತಿತ್ತು. ಸದ್ದು ಅವನದಲ್ಲ, ಇವಳದು.

ಅವನು ನೀರು ಕುಡಿಯಲು ಹೋದಾಗ ಅವಳನ್ನು ಪಕ್ಕಕ್ಕೆ ಎಳೆದೆ. "ಏನೇ ಇದು ನಾಟಕ?"

"ಮೆಲ್ಲಗೆ ಮಾವ. ಒಂದಿನ ಸದ್ದೇ ಬರ್ಲಿಲ್ಲ. ಅಪ್ಪನ ಮುಖ ನೋಡೋಕಾಗದೆ ಸ್ವಲ್ಪ ಮುಂದೆ ತಂದೆ. ಅಪ್ಪ ನಕ್ಕರು. ಆಮೇಲೆ ಹೇಗೆ ನಿಲ್ಲಿಸ್ಲಿ ಹೇಳು?"

"ಪ್ರೀತಿ ಮಾಡೋಕೆ ಹೋಗಿ ಅಪ್ಪನ್ನ ಕೊಲ್ತೀಯಾ?" ಎಂದು ಪ್ಯಾಡ್ ಕಿತ್ತುಕೊಂಡೆ. ಅವನು ಬಂದಾಗ ಕೈ ಅಲುಗಾಡಿಸದೆ ಹಿಡಿದೆ. ಅವನು ಹೊಡೆದ. ದೊಪ್. ಮತ್ತೆ ಹೊಡೆದ. ಒದ್ದೆ ಹಾಸಿಗೆಗೆ ಹೊಡೆದಂತಿತ್ತು. ತನ್ನ ಮುಷ್ಟಿ ನೋಡಿಕೊಂಡ, ಆಮೇಲೆ ಮಗಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

"ಯಾವಾಗಿಂದ?"

"ಹೋದ ಪಂದ್ಯಕ್ಕೂ ಮುಂಚಿಂದ, ಅಪ್ಪಾ."

ಅವನು ರಿಂಗಿನ ಅಂಚಿನಲ್ಲಿ ಕುಸಿದು ಕುಳಿತ. ಬಂದ ಕೆಲಸ ಮುಗಿಯಿತಲ್ಲ ಅಂದುಕೊಂಡೆ. "ಆಗಲ್ಲ ಕಣೋ, ಬಿಟ್ಬಿಡು. ಕೊಟ್ಟ ಮಾತು ಉಳಿಸ್ಕೊ."

"ಹಾಗಾದ್ರೆ ಅವತ್ತು ಕಾಲು ಜಾರಿ ಸೋತಿದ್ದಲ್ಲ."

"ಅಲ್ಲ" ಎಂದೆ.

ಅವನು ಎದ್ದು ನಿಂತ. "ಭಾವ, ಗೆಲ್ತೀನಿ ಅನ್ನೋ ನಂಬಿಕೆ ಇದ್ದಾಗ ನೀವು ಬೇಡ ಅಂದಿದ್ರೆ ಬಿಡ್ತಿದ್ದೆ. ಈಗ ಬಿಡಲ್ಲ. ನನ್ನ ಏಟು ಎಷ್ಟು ಅಂತ ಗೊತ್ತಿದ್ದು ಒಂದ್ಸಲ ಸೋಲ್ಬೇಕು ನಾನು."

ಬೈದೆ, ಬೇಡಿಕೊಂಡೆ, ಕೈ ಹಿಡಿದು ಎಳೆದೆ. ಅವನು ನನ್ನ ಕೈಯಿಂದ ಪ್ಯಾಡ್ ಬಿಡಿಸಿ ಮಗಳಿಗೆ ಕೊಟ್ಟ.

"ಹಿಡಿ ಮಗಳೇ. ಅಲ್ಲಾಡಿಸಬೇಡ."

ಅವಳು ಅಳುತ್ತಲೇ ಹಿಡಿದಳು. ಕೈ ಮಾತ್ರ ಅಲ್ಲಾಡಲಿಲ್ಲ.