ಕಂಡಕ್ಟರನ ವಸಡು, ಡ್ರೈವರನ ಹಟ

ನಮ್ಮ ರೂಟಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದನೆಂದರೆ ಗಾಢ ನಿದ್ದೆಯಲ್ಲಿದ್ದವರೂ ಎದ್ದು ಚೀಲ ತಡಕಾಡುತ್ತಿದ್ದರು. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಅಂಥ ಮನುಷ್ಯ ಕೆಲವು ತಿಂಗಳಿಂದ ಸೀಟಿ ಬಾಯಿಗಿಡುವಾಗಲೆಲ್ಲ ಮುಖ ಕಿವುಚುತ್ತಿದ್ದ. ವಸಡು ಊದಿಕೊಂಡು ಬೆಳೆದು ಮುಂದಿನ ಹಲ್ಲುಗಳನ್ನು ಅರ್ಧ ಮುಚ್ಚಿಬಿಟ್ಟಿತ್ತು. ಸೀಟಿ ಕಚ್ಚಿದರೆ ರಕ್ತ. ಹಲ್ಲುಜ್ಜಿದರೂ ರಕ್ತ. ಅದಕ್ಕೇ ಉಜ್ಜುವುದನ್ನೇ ಬಿಟ್ಟು, ಬರೀ ಬಾಯಿ ಮುಕ್ಕಳಿಸಿ ಕೆಲಸಕ್ಕೆ ಬರುತ್ತಿದ್ದ. ಎಂಥಾ ಜಾಣ!

ಕೊನೆಕೊನೆಗೆ ಸೀಟಿಯನ್ನು ಬಾಯಿಯ ಮೂಲೆಗೆ ತಳ್ಳಿ, ಹಲ್ಲು ತಾಗಿಸದೆ ತುಟಿಯಿಂದಲೇ ಊದತೊಡಗಿದ. ಒಂದು ದಿನ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಬರುತ್ತಿತ್ತು. ಹಿಂದೆ ಹಣ್ಣಿನ ತಳ್ಳುಗಾಡಿ ನಿಂತಿತ್ತು. ಬಸ್ಸು ನಿಲ್ಲಿಸಲು ಕಂಡಕ್ಟರ್ ಊದಿದ. ಬಂದದ್ದು ‘ಪುಸ್’ ಎಂಬ ಗಾಳಿ. ಡ್ರೈವರಿಗೆ ಕೇಳಿಸಲಿಲ್ಲ. ಗಾಡಿ ಮಗುಚಿಕೊಂಡಿತು, ಕಿತ್ತಳೆಗಳೆಲ್ಲ ಚಕ್ರದಡಿ ಅಪ್ಪಚ್ಚಿಯಾದವು. ಹಣ್ಣಿನವಳು ಪಕ್ಕಕ್ಕೆ ಹಾರಿಕೊಂಡಿದ್ದು ಪುಣ್ಯ.

ಡಿಪೋ ಮ್ಯಾನೇಜರ್ ಕೆಂಡಾಮಂಡಲವಾದರು. “ಜೀವ ಹೋಗಿದ್ರೆ ಯಾರು ಹೊಣೆ? ಮೊದಲು ಬಾಯಿ ಸರಿ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ಟಿಕೆಟ್ ಕೌಂಟರಿನಲ್ಲಿ ಕೂತ್ಕೊಳ್ಳಿ. ಸರಿಹೋಗಲಿಲ್ಲ ಅಂದ್ರೆ ಅಲ್ಲೇ ಖಾಯಂ.”

ಓಡುವ ಬಸ್ಸಿನಲ್ಲೇ ಆಯುಷ್ಯ ಕಳೆದವನಿಗೆ ಕಿಂಡಿಯ ಹಿಂದೆ ಕೂರುವುದೆಂದರೆ ಜೈಲೇ ಸರಿ. ಪಾಪ, ಮನೆಗೆ ಬಂದು ಮೂಲೆ ಹಿಡಿದು ಕುಳಿತ. ಸಂಜೆ ಡ್ರೈವರ್ ಹುಡುಕಿಕೊಂಡು ಬಂದ.

“ಅಣ್ಣಾ, ಹಲ್ಲಿನ ಡಾಕ್ಟರ ಹತ್ರ ಹೋಗೋಣ ನಡಿ. ನಮ್ಮಮ್ಮನಿಗೂ ಹೀಗೇ ಆಗಿತ್ತು. ಹೆಚ್ಚಾಗಿದ್ದ ವಸಡು ತೆಗೆದ್ರು, ಅವತ್ತೇ ಮನೆಗೆ ಬಂದ್ಲು.”

ಕಂಡಕ್ಟರನ ಹೆಂಡತಿ ಒಳಗಿನಿಂದ ದಡಬಡನೆ ಬಂದಳು. “ಏನು? ವಸಡು ಕೊಯ್ಯಿಸೋದಾ? ಹಲ್ಲೆಲ್ಲ ಉದುರಿ ಹೋಗಲ್ವಾ? ಬೇಡಪ್ಪಾ ಬೇಡ. ಇವರು ಕೌಂಟರಿನಲ್ಲೇ ಇರ್ಲಿ, ಫ್ಯಾನಿನ ಗಾಳಿನಾದ್ರೂ ಸಿಗತ್ತೆ.”

“ಅತ್ತಿಗೆ, ನಮ್ಮಮ್ಮ ಇವತ್ತಿಗೂ ಕಬ್ಬು ಸಿಗಿದು ತಿಂತಾಳೆ. ನನಗೊಂದು ತುಂಡೂ ಬಿಡಲ್ಲ.”

ಕಂಡಕ್ಟರ್ ಮೆಲ್ಲಗೆ ಬಾಯಿಬಿಟ್ಟ. “ಕೊಯ್ಯಿಸೋದೇನೂ ಬೇಕಾಗಿಲ್ಲ ಬಿಡು. ಬಿಪಿ ಮಾತ್ರೆಯಿಂದ ವಸಡು ಬೆಳೆಯತ್ತಂತೆ, ಬಸ್ಸಲ್ಲಿ ಯಾರೋ ಹೇಳಿದ್ರು. ಅದಕ್ಕೆ ಮಾತ್ರೆನೇ ನಿಲ್ಲಿಸ್ಬಿಟ್ಟಿದೀನಿ.”

“ಏನ್ರೀ!” ಹೆಂಡತಿ ಹೌಹಾರಿದಳು. “ದಿನಾ ಮಾತ್ರೆ ಜೊತೆ ನೀರು ಕೊಡ್ತಿದ್ನಲ್ರೀ?”

“ನೀರು ಕುಡೀತಿದ್ದೆ.”

ಡ್ರೈವರ್ ಹೊಸಿಲ ಮೇಲೆ ಕುಳಿತೇಬಿಟ್ಟ. “ನೀನು ಬರ್ತೀನಿ ಅನ್ನೋವರೆಗೂ ನಾನು ಇಲ್ಲಿಂದ ಏಳಲ್ಲ.” ಅವನ ಹಟ ಎಲ್ಲರಿಗೂ ಗೊತ್ತು. ಕಂಡಕ್ಟರ್ ಒಪ್ಪಲೇಬೇಕಾಯಿತು. ಮರುದಿನ ಹೆಂಡತಿಯೂ ಜೊತೆಗೆ ಹೊರಟಳು, ಯಾರೂ ಏನನ್ನೂ ಕೊಯ್ಯದಂತೆ ಕಾವಲು ಕಾಯಲು!

ಹಲ್ಲಿನ ಡಾಕ್ಟರಮ್ಮ ಮೊದಲು ನೋಡಿದ್ದೇ ಬಿಪಿ. ಅದು ಆಕಾಶಕ್ಕೇರಿತ್ತು.

“ಯಾರನ್ನ ಕೇಳಿ ಮಾತ್ರೆ ನಿಲ್ಲಿಸಿದ್ರಿ? ವಸಡು ಬೆಳೆದ್ರೆ ನಾನು ತೆಗೀತೀನಿ, ಲಕ್ವ ಹೊಡೆದ್ರೆ ಏನು ಮಾಡ್ತೀರಿ?” ಎಂದು ಗದರಿದರು. ಆಮೇಲೆ ಸಮಾಧಾನವಾಗಿ ಹೇಳಿದರು: “ಕೆಲವು ಬಿಪಿ ಮಾತ್ರೆ, ಕೆಲವು ಫಿಟ್ಸ್ ಮಾತ್ರೆಯಿಂದ ಕೆಲವರಿಗೆ ವಸಡು ಬೆಳೆಯೋದು ನಿಜ. ಹಲ್ಲಿನ ಬುಡದಲ್ಲಿ ಕೊಳೆ ಕೂತ್ರೆ ಇನ್ನೂ ಜಾಸ್ತಿ. ನೀವು ಉಜ್ಜೋದು ಬಿಟ್ಟು ಅದಕ್ಕೆ ಗೊಬ್ಬರ ಹಾಕಿದ್ದೀರಿ. ಮಾತ್ರೆ ಕೊಟ್ಟ ಡಾಕ್ಟರನ್ನೇ ಹೋಗಿ ಕೇಳಿ, ಬೇರೆ ಬರೆದುಕೊಡಬಹುದು. ಬಿಪಿ ಹತೋಟಿಗೆ ಬರದೆ ನಾನು ಕತ್ತರಿ ಮುಟ್ಟಲ್ಲ.”

ಹಾಗೇ ಆಯಿತು. ಆ ಡಾಕ್ಟರು ಮಾತ್ರೆ ಬದಲಾಯಿಸಿದರು, ಬಿಪಿ ಇಳಿಯಿತು. ಡಾಕ್ಟರಮ್ಮ ಹಲ್ಲಿಗೆ ಗಟ್ಟಿಯಾಗಿ ಅಂಟಿದ್ದ ಕೊಳೆಯನ್ನೆಲ್ಲ ಕೆರೆದು ತೆಗೆದರು. ಊತ ಒಂದಿಷ್ಟು ತಗ್ಗಿತು. ಇಳಿಯದೆ ಉಳಿದ ವಸಡನ್ನು ತೆಗೆಯುವ ದಿನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಳು. ಚೀರಾಟ ಕೇಳಬಹುದೆಂದು ಕಿವಿಗೊಟ್ಟರೆ ಒಳಗೆ ಡಾಕ್ಟರಮ್ಮ ಬಸ್ಸಿನ ಸಮಯ ವಿಚಾರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಂಡ ತಾನೇ ನಡೆದುಕೊಂಡು ಹೊರಬಂದ.

“ಮುಗೀತಾ?”

“ಮುಗೀತಂತೆ. ಮರಗಟ್ಟಿಸೋ ಸೂಜಿ ಚುಚ್ಚಿದ್ದಷ್ಟೇ ಗೊತ್ತಾಗಿದ್ದು,” ಎಂದ, ಜೋಮು ಹಿಡಿದ ತುಟಿಯಲ್ಲಿ ತೊದಲುತ್ತ.

ಹೆಂಡತಿ ಬಾಯಿ ತೆರೆಸಿ ನೋಡಿದಳು. ಹಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಅವಳಿಗೆ ಅಳುವೂ ಬಂತು, ನಗುವೂ ಬಂತು.

ಕೆಲವು ದಿನ ಮೆತ್ತಗಿನ, ತಣ್ಣಗಿನ ಊಟ. ನೋವಿಗೆ ಮಾತ್ರೆ. ಗಾಯ ಮಾಯುವವರೆಗೆ ಸೀಟಿ ಊದಕೂಡದೆಂದು ಡಾಕ್ಟರಮ್ಮನ ಆಜ್ಞೆ. ಅದನ್ನು ಪಾಲಿಸಲು ಕಂಡಕ್ಟರ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೊಂದು ಬೆಳಿಗ್ಗೆ ಅವನು ಬಸ್ಸಿನ ಹಿಂದೆ ನಿಂತು, ಸೀಟಿಯನ್ನು ಹಲ್ಲಿನಿಂದ ಗಟ್ಟಿಯಾಗಿ ಕಚ್ಚಿ, ಒಂದೇ ಒಂದು ಊದಿದ. ಬಸ್ಸು ಗಕ್ಕನೆ ನಿಂತಿತು. ಇಡೀ ನಿಲ್ದಾಣ ತಿರುಗಿ ನೋಡಿತು.

“ಸಾಕು ನಿಲ್ಲಿಸಪ್ಪಾ, ನನ್ನ ಕಿವಿ ತೂತು ಬಿತ್ತು!” ಎಂದು ಹಣ್ಣಿನವಳು ಕೂಗಿದಳು. ಮ್ಯಾನೇಜರ್ ಕಿಟಕಿಯಿಂದ ಇಣುಕಿ, “ಹತ್ರೀ ಬಸ್ಸು!” ಎಂದರು. ಆ ಒಂದು ಮಾತಿಗೆ ಕಂಡಕ್ಟರನ ಕಣ್ಣು ತುಂಬಿ ಬಂತು. ಗೆದ್ದುಬಿಟ್ಟಿದ್ದ ನಮ್ಮ ಕಂಡಕ್ಟರ್!

ಈಗ ಅವನ ಹೆಂಡತಿಯ ಕಾಟ ಬೀದಿಗೆಲ್ಲ. ಯಾರು ಸಿಕ್ಕರೂ, “ಎಲ್ಲಿ, ತುಟಿ ಎತ್ತು ನೋಡೋಣ” ಎನ್ನುತ್ತಾಳೆ. ಮೊನ್ನೆ ಡ್ರೈವರ್ ನಗುತ್ತ ಕೇಳಿದ, “ಅತ್ತಿಗೆ, ನಿಮ್ಮದು ನೋಡ್ಕೊಂಡ್ರಾ?” ಅವಳು ದನಿ ತಗ್ಗಿಸಿ, “ಉಜ್ಜುವಾಗ ನನಗೂ ರಕ್ತ ಬರತ್ತೆ ಕಣಪ್ಪಾ. ನಾಳೆ ನಾನೇ ಹೋಗಿ ತೋರಿಸ್ತೀನಿ,” ಎಂದಳು. ಹೋದಳು ಕೂಡ. ಅವಳಿಗೆ ಹಲ್ಲು ಶುಚಿ ಮಾಡಿದ್ದೇ ಸಾಕಾಯಿತು, ಕೊಯ್ಯುವ ಪ್ರಮೇಯವೇ ಬರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ವಸಡಿನಿಂದ ರಕ್ತ ಬರುತ್ತಿದೆಯೇ? ಊದಿದೆಯೇ, ಹಲ್ಲಿನ ಮೇಲೆ ಹತ್ತಿದೆಯೇ? ಮುಚ್ಚಿಟ್ಟುಕೊಂಡು ಕೊರಗಬೇಡಿ. ಹಲ್ಲಿನ ಡಾಕ್ಟರಿಗೆ ತೋರಿಸಿ. ಹೆಚ್ಚಾದ ವಸಡನ್ನು ತೆಗೆಯುವುದು ಸಣ್ಣ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆಮೇಲೆ ದಿನಾ ಹಲ್ಲುಜ್ಜದಿದ್ದರೆ ಅದು ಮತ್ತೆ ಬೆಳೆಯಬಹುದು, ಅದು ನಿಮ್ಮ ಕೈಯಲ್ಲಿದೆ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಎಂದೂ ನಿಲ್ಲಿಸಬೇಡಿ. ಕನ್ನಡಿ ಮನೆಯಲ್ಲೇ ಇದೆ. ಎದ್ದು ಹೋಗಿ, ತುಟಿ ಎತ್ತಿ ಒಮ್ಮೆ ನೋಡಿಕೊಳ್ಳಿ.